ಮಸ್ಕತ್ತಿನಲ್ಲಿ ಮನೆಮನೆಗೆ ಕರೆಯಲು ಹೋದದ್ದು

ಸಹನಾ, ಮಲ್ಲು,

ನಾನು ಮಸ್ಕತ್ತಿನಿಂದ ಬಂದ ದಿನ ನೀವಿಬ್ಬರೂ ಬಾಗಲಕೋಟೆಯಿಂದ ಫೋನ್ ಮಾಡಿ ಒಂದೇ ಉಸಿರಿನಲ್ಲಿ ಎಷ್ಟೋ ಪ್ರಶ್ನೆ ಕೇಳಿದಿರಿ. ಆಯಿ, ಒಂಟೆ ನೋಡಿದೆಯಾ, ಸಮುದ್ರ ನೋಡಿದೆಯಾ, ವಿಮಾನದಲ್ಲಿ ಕಿವಿ ನೋಯಿತಾ. ನಾನು ಹ್ಞೂಂ ಹ್ಞೂಂ ಎಂದು ಫೋನ್ ಇಟ್ಟುಬಿಟ್ಟೆ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತೇ ಇದೆ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಒಂಟೆ ನೋಡಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋಗುವಾಗ

ನನ್ನನ್ನು ಕರೆಸಿಕೊಂಡವಳು ನೀಲಾ, ಚೊಳಚಗುಡ್ಡದ ನನ್ನ ತಂಗಿಯ ಮಗಳು. ಮಸ್ಕತ್ತಿನ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಾಳೆ. ಕೆಲಸ ಮುಗಿದ ಮೇಲೆ ಅಲ್ಲಿರುವ ನಮ್ಮ ಕಡೆಯ ಐದಾರು ಜನರನ್ನು ಸೇರಿಸಿಕೊಂಡು ಹಾಡುತ್ತಾಳೆ. ಬೀಸುವಾಗಿನ ಪದ, ಸೋಬಾನೆ, ಭಜನೆ. ಅಜ್ಜಿಯಿಂದ, ಅಂದರೆ ನನ್ನ ಅವ್ವನಿಂದ, ಕಲಿತ ಪದಗಳಲ್ಲಿ ನಡುನಡುವಿನ ಸಾಲುಗಳು ಅವಳಿಗೆ ಮರೆತುಹೋಗಿದ್ದವು. ಅವಳ ಅವ್ವನಿಗೆ ಮೊಣಕಾಲು ಬೇನೆ, ಅಷ್ಟು ದೂರ ಹೋಗುವ ಹಾಗಿಲ್ಲ.

"ದೊಡ್ಡವ್ವಾ, ನೀ ಬಾ ಬೇ. ಹಾಡಬ್ಯಾಡ. ಬರೇ ಸಾಲ ಹೇಳಿ ಕೊಡು" ಎಂದಳು. ಹಾಡಬೇಡ ಎಂದಿದ್ದಕ್ಕೇ ಒಪ್ಪಿಕೊಂಡೆ.

ಜೊತೆಗೆ ಇದ್ದವನು ಇಳಕಲ್ಲಿನ ಮೌಲಾಸಾಬ. ಊರಲ್ಲಿ ಗ್ರಾನೈಟ್ ಕಲ್ಲಿಗೆ ಪಾಲಿಶ್ ಮಾಡುತ್ತಿದ್ದವನು ಈಗ ಮಸ್ಕತ್ತಿನ ಹೊರಗಿನ ಕಲ್ಲಿನ ಕಾರ್ಖಾನೆಯಲ್ಲಿ ಅದೇ ಕೆಲಸ ಮಾಡುತ್ತಾನೆ. ನೀಲಾಳ ಮೇಳದಲ್ಲಿ ಎತ್ತರದ ದನಿ ಅವನದು. ರಜೆಗೆ ಬಂದವನು ವಾಪಸು ಹೊರಟಿದ್ದ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಎಲ್ಲರೂ ಮೇಲಿನ ದೀಪ, ಫಲಕ ನೋಡುತ್ತಿದ್ದರೆ ಅವನು ನೆಲ ನೋಡುತ್ತ ನಡೆದ. ಒಂದು ಕಡೆ ಬಗ್ಗಿ ಬೆರಳಾಡಿಸಿದ.

"ಇಲ್ಲಿ ಪಾಲಿಶ್ ಮಾಡಾವ ನಡುವ ಊಟಕ್ಕ ಎದ್ದ ಹೋಗ್ಯಾನ ಬೇ ಯವ್ವಾ. ಬಂದ ಮ್ಯಾಲ ಎಲ್ಲಿ ಬಿಟ್ಟಿದ್ನಿ ಅಂತ ನೆನಪ ಆಗಿಲ್ಲ" ಎಂದ.

ತಪಾಸಣೆಯ ಜಾಗದಲ್ಲಿ ನನ್ನ ಕೊರಳಿನ ಕರಡಿಗೆಗೆ ಯಂತ್ರ ಕೂಗಿತು. ಅಲ್ಲಿದ್ದ ಹುಡುಗಿ ತೆಗೆದು ಬುಟ್ಟಿಯಲ್ಲಿ ಇಡಲು ಹೇಳಿದಳು. ಬೆಳ್ಳಿ ಕರಡಿಗೆಯನ್ನು ಇಟ್ಟೆ. ಒಳಗಿನ ಲಿಂಗವನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದುಕೊಂಡೆ. "ಕೈ ತೆರೀರಿ ಅಜ್ಜಿ" ಎಂದಳು. ತೆರೆದೆ, ಆದರೆ ಅವಳ ಕೈಗೆ ಕೊಡಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವಳು ನನ್ನ ಅಂಗೈಯ ಸುತ್ತ ತನ್ನ ಕೋಲನ್ನು ಎರಡು ಸಲ ಆಡಿಸಿ, ಸರಿ ಹೋಗಿ ಎಂದಳು. ಮಸ್ಕತ್ತಿನಲ್ಲಿ ಇಳಿದಾಗ ಯಾರೂ ಏನೂ ಕೇಳಲಿಲ್ಲ.

ನೀಲಾಳ ಮನೆ

ಆ ಊರಿನ ಮನೆಗಳೆಲ್ಲ ಬಿಳಿ. ಸುತ್ತಲೂ ಗುಡ್ಡ, ಗುಡ್ಡದ ಮೇಲೆ ಒಂದು ಗಿಡವಿಲ್ಲ. ಬಾದಾಮಿಯ ಗುಡ್ಡಗಳೂ ಕಲ್ಲೇ, ಆದರೆ ಅವು ಕೆಂಪು. ಇಲ್ಲಿಯವು ರೊಟ್ಟಿ ಹಂಚಿನ ತಳದ ಬಣ್ಣ. ಬಾದಾಮಿಯ ಅಗಸ್ತ್ಯ ತೀರ್ಥದಲ್ಲಿ ಬಟ್ಟೆ ಒಗೆಯುವಂತೆ ಇಲ್ಲಿ ಜನ ಸಂಜೆಯಾದರೆ ಕಾರು ತೊಳೆಯುತ್ತಾರೆ. ಹೊಲಸು ಕಾರು ರಸ್ತೆಗೆ ತಂದರೆ ದಂಡವಂತೆ. ನಮ್ಮ ಹುನಗುಂದದ ಟಂಟಂ ರಿಕ್ಷಾಗಳು ಇಲ್ಲಿ ಬಂದರೆ ಗತಿ ಏನು ಎಂದುಕೊಂಡೆ.

ಎದುರು ಮನೆಯ ಒಮಾನಿ ಹೆಂಗಸು ನನ್ನನ್ನು ನೋಡಲು ಕರೆದಳು. ಹಿಡಿಕೆಯಿಲ್ಲದ ಸಣ್ಣ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ, ತಟ್ಟೆ ತುಂಬ ಖರ್ಜೂರ. ಕೊಟ್ಟದ್ದನ್ನು ಉಳಿಸಬಾರದೆಂದು ನಾನು ಬಟ್ಟಲು ಖಾಲಿ ಮಾಡಿದೆ. ಅವಳ ಮಗಳು ಮತ್ತೆ ಸುರಿದಳು. ಅದನ್ನೂ ಕುಡಿದೆ. ಮತ್ತೆ ಸುರಿದಳು. ನೀಲಾ ಹೊರಗೆ ಫೋನಿನಲ್ಲಿದ್ದಳು. ಬೇಡ ಎನ್ನಲು ನನಗೆ ಅವರ ಮಾತು ಬಾರದು, ಕೈ ಅಡ್ಡ ಹಿಡಿದರೆ ಮರ್ಯಾದೆಯೋ ಅಲ್ಲವೋ ತಿಳಿಯದು. ನೀಲಾ ಬರುವ ಹೊತ್ತಿಗೆ ನನ್ನ ಎದೆ ಡವಗುಟ್ಟುತ್ತಿತ್ತು. ಅವಳು ನಕ್ಕು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಅತ್ತ ಇತ್ತ ಅಲ್ಲಾಡಿಸಿ ಕೆಳಗಿಟ್ಟಳು. ಸಾಕು ಎನ್ನುವುದಕ್ಕೆ ಅಲ್ಲಿ ಅದೇ ಗುರುತು. ಅಲ್ಲಾಡಿಸುವವರೆಗೆ ಸುರಿಯುತ್ತಲೇ ಇರುತ್ತಾರೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನೀಲಾಗೆ ಆಗ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಅಲ್ಲಿಯ ಕನ್ನಡದವರ ಸಂಘ ವರ್ಷಕ್ಕೊಮ್ಮೆ ದೊಡ್ಡ ಹಬ್ಬ ಮಾಡುತ್ತದೆ. ಹಾಡಲು, ನಗಿಸಲು ಬೆಂಗಳೂರಿನಿಂದ ಹೆಸರುವಾಸಿಗಳನ್ನು ವಿಮಾನದಲ್ಲಿ ಕರೆಸುತ್ತಾರೆ. ಅಲ್ಲೇ ಇರುವ ನೀಲಾ, ಮೌಲಾಸಾಬ ಮುಂತಾದವರು ಅವತ್ತು ಕುರ್ಚಿ ಹಾಕುತ್ತಾರೆ, ಊಟ ಬಡಿಸುತ್ತಾರೆ. ಈ ಸಲ ನೀಲಾ ಅಧ್ಯಕ್ಷರ ಬೆನ್ನು ಬಿದ್ದು, ನಮಗೂ ಹಬ್ಬದಲ್ಲಿ ಹಾಡಲು ಸಮಯ ಕೊಡಿ ಎಂದು ಕೇಳಿದ್ದಳು. ಅಧ್ಯಕ್ಷರು ಮೈಸೂರು ಕಡೆಯವರು, ಮೆತ್ತಗಿನ ಮಾತು. ಒಂದು ಶಾಲೆಯ ಸಭಾಂಗಣವನ್ನು ಒಂದು ಶುಕ್ರವಾರ ಸಂಜೆಗೆ ಕೊಡಿಸಿದ್ದರು. "ನೋಡೋಣ ಮೇಡಂ. ನಿಮ್ಮ ಹಾಡಿಗೆ ಜನ ಬರ್ತಾರೆ ಅಂತಾದರೆ ಹಬ್ಬದಲ್ಲಿ ಖಂಡಿತ ಹಾಕೋಣ" ಎಂದಿದ್ದರಂತೆ.

"ಜನ ಬರಲಿಲ್ಲಂದ್ರ ಮುಗೀತು ದೊಡ್ಡವ್ವಾ. ಮುಂದ ಕೇಳಾಕ ಬಾಯಿ ಇರಂಗಿಲ್ಲ" ಎಂದಳು ನೀಲಾ.

ಕರೆಯಲು ಹೋದೆವು

ಅವಳು ಮೊಬೈಲಿನಲ್ಲಿ ಎಲ್ಲರಿಗೂ ಒಂದು ಚಿತ್ರ ಕಳಿಸಿದ್ದಳು. ಬಣ್ಣಬಣ್ಣದ ಅಕ್ಷರ, ಮೂಲೆಯಲ್ಲಿ ಬೀಸುವ ಕಲ್ಲು, ದಿನ, ಜಾಗ. ನೋಡಿದವರೆಲ್ಲ ಹೆಬ್ಬೆರಳಿನ ಗುರುತು ಕಳಿಸಿದ್ದರು.

"ಇಷ್ಟ ಮಂದಿ ಹೆಬ್ಬೆಟ್ಟ ಒತ್ಯಾರ, ಬರ್ತೇನಿ ಅಂದಾವ್ರು ಒಬ್ಬರೂ ಇಲ್ಲ" ಎಂದು ತೋರಿಸಿದಳು.

ನನ್ನ ಬಾಯಿಂದ ತಟ್ಟನೆ ಬಂತು. "ಕರದಿಲ್ಲಲ್ಲವಾ."

"ಇದ ಏನ ಮತ್ತ?"

"ಇದು ತೋರಿಸಿದ್ದು. ಕರಿಯೂದು ಬ್ಯಾರೆ."

ಅವಳು ಮೊಬೈಲನ್ನು ಪಕ್ಕಕ್ಕಿಟ್ಟಳು. "ಹಂಗಾರ ನಡಿ, ಕರಿಯಾಕ ಹೋಗೂಣು" ಎಂದಳು.

ನಿಮ್ಮ ಅಜ್ಜ ಹೋದಮೇಲೆ ನಾನು ಯಾರ ಮನೆಗೂ ಕರೆಯಲು ಹೋದವಳಲ್ಲ. ನಮ್ಮ ಓಣಿಯಲ್ಲಿ ತೊಟ್ಟಿಲಿಗೆ, ಬಸುರಿಯ ಕುಬಸಕ್ಕೆ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಕರೆಯಲು ಹೊರಟರೆ ನಾನು ಒಳಗೆ ಹೋಳಿಗೆ ಲಟ್ಟಿಸುತ್ತಿರುತ್ತೇನೆ. ಯಾರೂ ಬರಬೇಡ ಎಂದವರಿಲ್ಲ. ಬಾ ಎಂದವರೂ ಇಲ್ಲ.

"ನೀ ಹೋಗಿ ಬಾ. ನಾ ಬಂದ್ರ ಛಲೋ ಕಾಣಂಗಿಲ್ಲ" ಎಂದೆ.

"ದಿನಾ ಇಬತ್ತಿ ಹಚ್ಕೊಂಡ ಬಸವಣ್ಣನ ನೆನಸ್ತಿ, ಕುಂಕುಮದ ಬಟ್ಟಲಕ್ಕ ಅಂಜ್ತಿ. ಬಟ್ಟಲಾ ನಾ ಹಿಡಿತೇನಿ. ನೀ ಬರೇ ಜೋಡಿಗಿ ಬಾ" ಎಂದಳು.

ಮೊದಲ ಮನೆ ಕಲಾದಗಿಯ ಶಾಂತಕ್ಕನದು. ಆಕೆಯ ಗಂಡ ನೀರಿನ ಟ್ಯಾಂಕರ್ ಓಡಿಸುತ್ತಾನೆ. ನಾನು ಹೊಸ್ತಿಲಾಚೆ ಚಪ್ಪಲಿಗಳ ಹತ್ತಿರ ನಿಂತೆ. ನೀಲಾ ಕುಂಕುಮ ಹಚ್ಚಿ, "ಶುಕ್ರವಾರ ಪ್ರೋಗ್ರಾಂ ಐತ್ರಿ ಅಕ್ಕಾರ, ಟ್ರೈ ಮಾಡ್ರಿ" ಎಂದಳು.

ಹುಡುಗಿಗೆ ಕುಂಕುಮ ಹಚ್ಚುವುದು ಗೊತ್ತು, ಕರೆಯುವ ಮಾತು ಗೊತ್ತಿಲ್ಲ. ನನಗೆ ತಡೆಯಲಾಗಲಿಲ್ಲ. ಅಲ್ಲಿಂದಲೇ ಹೇಳಿದೆ. "ನಿಮ್ಮ ಮನಿ ಕಾರ್ಯೇ ಅಂತ ತಿಳದ ಎಲ್ಲಾರೂ ಬರಬೇಕವಾ. ತಯಾರಾಗಿ ಇರ್ರಿ, ಮತ್ತ ಕರಿಯಾಕ ಬರ್ತೇವಿ."

ಶಾಂತಕ್ಕ ಹೊರಗೆ ಬಂದು ನನ್ನ ಕೈ ಹಿಡಿದಳು. "ಈ ಮಾತ ಕೇಳಿ ಎಷ್ಟ ದಿನ ಆಗಿತ್ತ ಬೇ! ಯಾವೂರು, ಯಾರ ಪೈಕಿ ನೀವು?" ಎಂದು ಒಳಗೆ ಕೂರಿಸಿ ಅವಲಕ್ಕಿ ಕೊಟ್ಟಳು.

ಆಮೇಲೆ ಎಲ್ಲ ಕಡೆ ಹೀಗೇ ಆಯಿತು. ಕುಂಕುಮ ನೀಲಾಳದು, ಮಾತು ನನ್ನದು. ಮೌಲಾಸಾಬನ ಕಾರ್ಖಾನೆಯ ಕೆಲಸಗಾರರ ಕೋಣೆಗಳಿಗೂ ಹೋದೆವು. ಇಳಕಲ್ಲು, ಗುಳೇದಗುಡ್ಡದ ಗಂಡಸರು, ಕೆಲವರು ಕೇರಂ ಆಡುತ್ತಿದ್ದರು. ನಾವು ಬಂದದ್ದು ನೋಡಿ ಎಲ್ಲರೂ ಎದ್ದು ನಿಂತರು. ನನಗೆ ಮುಖ ಎತ್ತಲಾಗಲಿಲ್ಲ. ಬಾಗಿಲಲ್ಲಿ ಬಿಟ್ಟಿದ್ದ ಬೂಟುಗಳಿಗೆ ಹೇಳುವಂತೆ ಅದೇ ಮಾತು ಹೇಳಿದೆ.

"ನಮಗೂ ಕುಂಕುಮ ಹಚ್ಚತೀರೇನ್ರಿ ಅಕ್ಕಾರ?" ಎಂದು ಒಬ್ಬ ನೀಲಾಳನ್ನು ಕೇಳಿದ.

"ನಿನಗ ಸೀರಿನೂ ಉಡಸ್ತಾರ, ಸುಮ್ನ ನಿಂದರಲೇ" ಎಂದ ಇನ್ನೊಬ್ಬ. ಆಮೇಲೆ ನನ್ನ ಕಡೆ ತಿರುಗಿ, "ಆತ್ರಿ ಯವ್ವಾ, ತಯಾರಾಗಿ ಇರ್ತೇವಿ" ಎಂದ.

ಶುಕ್ರವಾರ

ಸಭಾಂಗಣ ದೊಡ್ಡದು, ಎ.ಸಿ. ಜೋರು. ತಂಪಿಗೆ ಮೌಲಾಸಾಬ ಬಾರಿಸುವ ದಪ್ಪಿನ ಚರ್ಮ ಸಡಿಲಾಗಿ ಅದರ ದನಿ ಮಂಕಾಯಿತು. ಅವನು ಅದನ್ನು ಹೊರಗೆ ಒಯ್ದು ಯಾರದೋ ಕಾರಿನ ಬಿಸಿ ಬಾನೆಟ್ಟಿನ ಮೇಲೆ ಇಟ್ಟು ಕಾಯಿಸಿಕೊಂಡು ಬಂದ. ನಾನು ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂತೆ.

ಹೇಳಿದ ಹೊತ್ತು ಆಯಿತು. ಮೇಳದವರ ಮನೆಮಂದಿ, ಅಧ್ಯಕ್ಷರು, ಅವರ ಜೊತೆಯವರು ಇಬ್ಬರು, ಅಷ್ಟೇ ಜನ. ಇನ್ನೂ ಸ್ವಲ್ಪ ಹೊತ್ತು ಹೋಯಿತು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. "ಪರವಾಗಿಲ್ಲ ಮೇಡಂ, ಇಲ್ಲಿ ಎಲ್ಲರಿಗೂ ಕೆಲಸ ಇರುತ್ತೆ" ಎಂದು ಸಮಾಧಾನ ಹೇಳಿದರು. ಅವರು ಸಮಾಧಾನ ಹೇಳಿದ್ದೇ ನೀಲಾಗೆ ಹೆಚ್ಚು ತಾಗಿತು. ಅವಳು ವೇದಿಕೆಯ ಅಂಚಿನಲ್ಲಿ ಕೂತು ಬಳೆ ತಿರುವತೊಡಗಿದಳು.

ಮೌಲಾಸಾಬ ತನ್ನ ಕೋಣೆಯವರಿಗೆ ಫೋನ್ ಹಚ್ಚಿದ. ಎಲ್ಲರಿಗೂ ಕೇಳುವಂತೆ ದೊಡ್ಡ ದನಿಗೆ ಇಟ್ಟಿದ್ದ.

"ಎಲ್ಲಿ ಅದೀರಲೇ? ನಾ ಇಲ್ಲಿ ಖುರ್ಚಿಗೋಳಿಗೆ ಹಾಡಲೇನು?"

"ಗೇಟಿನ ಮುಂದ ನಿಂತೇವಿ ಮಾಮಾ. ಜಳಕಾ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡ ನಿಂತೇವಿ. ಗಾಡಿ ಇನ್ನೂ ಬಂದಿಲ್ಲ."

"ಯಾವ ಗಾಡಿಲೇ?"

"ಆ ಯವ್ವಾರು ಮತ್ತ ಕರಿಯಾಕ ಬರ್ತೇವಿ ಅಂದ ಹೋಗ್ಯಾರಲ್ಲ! ಇಷ್ಟ ದೂರ ಕರಿಯಾಕ ನಡಕೋಂತ ಬರ್ತಾರೇನು?"

ನೀಲಾ ಶಾಂತಕ್ಕನಿಗೆ ಫೋನ್ ಮಾಡಿದಳು. "ಸೀರಿ ಉಟ್ಟ ಕುಂತ ಎಷ್ಟೊತ್ತಾತು" ಎಂದಳು ಆಕೆ. "ಎರಡನೇ ಕರಿ ಬರಲಾರದ ಮೊದಲ ಬಂದ ಕುಂತ್ರ, ಹಸದ ಬಂದಾರ ಅಂತ ನಾಕ ಮಂದಿ ನಗತಾರವಾ. ಯಾಕ, ಕಾರ್ಯ ಮುಂದ ಹೋತೇನು?"

ನೀಲಾ ತಿರುಗಿ ನನ್ನ ಕಂಬದ ಕಡೆ ನೋಡಿದಳು.

ನಮ್ಮಲ್ಲಿ ಒಮ್ಮೆ ಹೇಳಿ ಬರುತ್ತಾರೆ, ಎಲ್ಲ ತಯಾರಾದ ಮೇಲೆ ಮತ್ತೊಮ್ಮೆ ಹೋಗಿ ಏಳಿಸಿಕೊಂಡು ಬರುತ್ತಾರೆ. ಎರಡನೆಯ ಕರೆ ಬಾರದೆ ಮಾನವಂತರು ಎದ್ದು ಬರುವುದಿಲ್ಲ. ಆ ಮಾತು ನಾಲಿಗೆಗೆ ರೂಢಿಯಾಗಿ ಬಂದದ್ದು, ನಾನು ಹೇಳುತ್ತ ಹೋಗಿದ್ದೆ. ಯಾರು ಹೋಗಿ ಕರೆಯಬೇಕು, ಹೇಗೆ ಹೋಗಬೇಕು ಎಂದು ಯೋಚಿಸಿಯೇ ಇರಲಿಲ್ಲ. ಹುನಗುಂದದಲ್ಲಾದರೆ ಓಣಿಯ ಆ ತುದಿಗೆ ಹೋಗಿ ಬಂದರೆ ಮುಗಿಯಿತು.

ಅಧ್ಯಕ್ಷರಿಗೆ ನೀಲಾ ಇದನ್ನೆಲ್ಲ ಬಿಡಿಸಿ ಹೇಳಬೇಕಾಯಿತು. "ಅಂದ್ರೆ ಅಷ್ಟೂ ಜನ ರೆಡಿಯಾಗಿ ಮನೇಲಿ ಕೂತಿದ್ದಾರಾ?" ಎಂದರು ಅವರು. "ಸರಿ ಮತ್ತೆ, ಫೋನಲ್ಲೇ ಬನ್ನಿ ಅಂದ್ಬಿಡಿ."

ನಾನು ಅವರ ಜೊತೆ ಮಾತಾಡಿದ್ದು ಅದೇ ಮೊದಲು. "ಕರಿಯಾಕ ಬರ್ತೇವಿ ಅಂತ ಹೇಳೇವ್ರಿ. ಹೋಗಬೇಕು" ಎಂದೆ.

ಅವರು ನನ್ನನ್ನು ನೋಡಿದರು, ಖಾಲಿ ಕುರ್ಚಿಗಳನ್ನು ನೋಡಿದರು. ಜೇಬಿನಿಂದ ಕೀಲಿ ತೆಗೆದು, "ಬನ್ನಿ ಅಮ್ಮಾ" ಎಂದರು. ಹೊರಗೆ ಶಾಲೆಯ ಬಸ್ಸಿನ ಮಲಯಾಳಿ ಡ್ರೈವರ್ ಚಹಾ ಕುಡಿಯುತ್ತಿದ್ದ. ದವಾಖಾನೆಯಲ್ಲಿ ಕಲಿತ ಮಲಯಾಳದಲ್ಲಿ ನೀಲಾ ಅವನ ಹತ್ತಿರ ಏನೇನೋ ಬೇಡಿಕೊಂಡಳು. ಮುಂದೆ ಅಧ್ಯಕ್ಷರ ಕಾರು, ಹಿಂದೆ ಖಾಲಿ ಬಸ್ಸು ಹೊರಟಿತು.

ಕಾರು ಕೀ ಕೀ ಎಂದು ಕೂಗತೊಡಗಿತು. ನಾನು ಸೀಟಿನ ಪಟ್ಟಿ ಕಟ್ಟಿಕೊಂಡಿರಲಿಲ್ಲ. ಎಳೆದರೆ ಅದು ಕೊರಳಿಗೆ ಬಂತು. ಅವರು ಗಾಡಿ ನಿಲ್ಲಿಸಿ ಕಟ್ಟಿಕೊಡುವವರೆಗೆ ನಾನು ಉಸಿರು ಹಿಡಿದು ಕಿಟಕಿಯ ಕಡೆ ನೋಡಿದೆ.

"ನಮ್ಮ ಕಡೆ ಒಂದು ಸಲ ಕರೆದರೆ ಸಾಕಮ್ಮ" ಎಂದರು.

"ನಿಮ್ಮ ಕಡೆ ಮಂದಿ ಶಾಣ್ಯಾರ ಇರಬೇಕ್ರಿ" ಎಂದೆ. ಅವರು ಬಹಳ ಹೊತ್ತು ನಕ್ಕರು. ನಾನು ನಗೆಗೆ ಹೇಳಿರಲಿಲ್ಲ.

ಶಾಂತಕ್ಕ ಚಪ್ಪಲಿ ಮೆಟ್ಟಿಕೊಂಡೇ ಬಾಗಿಲ ಹಿಂದೆ ನಿಂತಿದ್ದಳು. ನೀಲಾ ಸಭಾಂಗಣದಲ್ಲೇ ಉಳಿದಿದ್ದಳು, ಕುಂಕುಮ ಹಿಡಿಯಲು ಜೊತೆಗೆ ಯಾರೂ ಇರಲಿಲ್ಲ. ನಾನೊಬ್ಬಳೇ. "ಏಳ್ರಿ, ಹೊತ್ತಾತು, ಬರ್ರಿ" ಎಂದೆ. "ಬಂದ್ವಿ" ಎಂದು ಆಕೆ ಗಂಡನನ್ನು ಕೂಗಿದಳು. ಆ ಕಟ್ಟಡದಲ್ಲಿ, ಪಕ್ಕದ ಕಟ್ಟಡದಲ್ಲಿ, ಮೆಟ್ಟಿಲು ಹತ್ತಿ ಇಳಿದು ಅದೇ ಮಾತು. ಕಾರ್ಖಾನೆಯ ಗೇಟಿನ ದೀಪದ ಕೆಳಗೆ ಗಂಡಸರು ತಲೆ ಬಾಚಿಕೊಂಡು ಸಾಲಾಗಿ ನಿಂತಿದ್ದರು. ಅಲ್ಲಿ ಕೂಡ ಇಳಿದು ಹೇಳಿದೆ. ಕಾರಿನಿಂದಲೇ ಹೇಳಿದರೆ ಕರೆದ ಹಾಗೆ ಆಗುವುದಿಲ್ಲ.

ಸಭಾಂಗಣ ತುಂಬಿತು. ಕೆಲವರು ಗೋಡೆಗೆ ಆತು ನಿಂತರು.

ನೀಲಾ ಬೀಸುವ ಪದ ಎತ್ತಿದಳು. ತವರಿನಿಂದ ಅಣ್ಣ ಬರುವ ದಿನದ ಪದ ಅದು. ನಾನು ಹೇಳಿಕೊಟ್ಟ ಸಾಲು ಬಂತು. ಅಣ್ಣ ಬರುವ ಹಾದಿಗೆ ಹೂವ ಚೆಲ್ಲೇನ ಎಂದು ಹಾಡಿದ್ದೇ ತಡ, ಮುಂದಿನ ಕುರ್ಚಿಗಳ ಸಾಲಿನಿಂದ ಶಾಂತಕ್ಕ ಕೂಗಿದಳು.

"ಏ ತಂಗಿ, ಹೂವ ಅಲ್ಲ! ನೀರ ಹೊಡದೇನ ಅನ್ನಬೇಕು!"

ನೀಲಾ ನಿಲ್ಲಿಸಿದಳು. ಅಧ್ಯಕ್ಷರು ಏನೋ ಜಗಳವಾಯಿತೆಂದು ಎದ್ದೇ ನಿಂತರು.

"ನಮ್ಮ ಚೊಳಚಗುಡ್ಡದಾಗ ಹೂವ ಅಂತಾರ್ರಿ ಅಕ್ಕಾರ" ಎಂದಳು ನೀಲಾ.

ಮೌಲಾಸಾಬ ದಪ್ಪಿಗೆ ಒಂದು ಪೆಟ್ಟು ಕೊಟ್ಟು, "ಕಲಾದಗ್ಯಾಗ ಹೊಳಿ ಐತಿ, ಅವರು ನೀರ ಹೊಡೀತಾರ. ಚೊಳಚಗುಡ್ಡದಾಗ ಬನಶಂಕ್ರಿ ಗುಡಿ ಐತಿ, ಅವರು ಹೂವ ಚೆಲ್ಲತಾರ. ನಮ್ಮ ಇಳಕಲ್ಲದಾಗ ಅಣ್ಣ ಬಂದ್ರ ಕಲ್ಲ ಹಾಸೂದ ಅಷ್ಟ!" ಎಂದ. ಕಾರ್ಖಾನೆಯವರು ಸ್ಥಳ ಬಿಟ್ಟು ಎದ್ದು ಕೂಗಿದರು. ಆಮೇಲೆ ಮೂರೂ ರೀತಿ ಹಾಡಿದರು. ಕಲ್ಲಿನ ಸಾಲನ್ನು ಮೌಲಾಸಾಬ ಆಗಲೇ ಕಟ್ಟಿದ.

ಕರೆಯಲು ಹೋದದ್ದರಲ್ಲಿ ಅರ್ಧ ಹೊತ್ತು ಹೋಗಿತ್ತು. ಮೌಲಾಸಾಬ ಕೊನೆಯ ಭಜನೆ ಏರಿಸಿದಾಗ ಸಭಾಂಗಣದ ಕಾವಲುಗಾರ ಬಂದು ಹಿಂದಿನ ದೀಪಗಳನ್ನು ಆರಿಸಿದ. ಅವನೂ ಮನೆಗೆ ಹೋಗಬೇಕು. ಮೌಲಾಸಾಬ ನಡುವೆಯೇ ನಿಲ್ಲಿಸಿ ಕೈ ಮುಗಿದ. ಆದರೆ ಮಂಗಳ ಹಾಡದೆ ಪದ ಅರ್ಧಕ್ಕೆ ಬಿಟ್ಟು ಯಾರೂ ಹೊರಡುವ ಹಾಗಿರಲಿಲ್ಲ. ಎಲ್ಲರೂ ಹೊರಗೆ ಬಂದು ಕಾರುಗಳ ನಡುವೆ ನಿಂತು ಮಂಗಳ ಹಾಡಿದರು. ಮೈಕು ಇರಲಿಲ್ಲ. ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯದೆ ಕಾದ.

ಮುಗಿದ ಮೇಲೆ ಅಧ್ಯಕ್ಷರು ನೀಲಾಳ ಹತ್ತಿರ ಬಂದರು. "ಮೇಡಂ, ಹಬ್ಬದಲ್ಲಿ ಅರ್ಧ ಗಂಟೆ ಇಟ್ಟುಕೊಳ್ಳಿ. ಕಾರ್ಡಿನಲ್ಲಿ ನಿಮ್ಮ ತಂಡದ ಹೆಸರು ಏನು ಅಂತ ಹಾಕಿಸಲಿ?"

ತಂಡಕ್ಕೆ ಹೆಸರೇ ಇರಲಿಲ್ಲ. ಸುತ್ತ ನಿಂತವರೆಲ್ಲ ಒಂದೊಂದು ಹೇಳಿದರು. ನೀಲಾ ಎಲ್ಲದಕ್ಕೂ ತಲೆ ಅಲ್ಲಾಡಿಸಿದಳು. "ನಾಳೆ ಹೇಳ್ತೇನ್ರಿ ಸರ್" ಎಂದು ಮಾತ್ರ ಹೇಳಿದಳು.

ಹುನಗುಂದ

ಹಬ್ಬದವರೆಗೆ ನಾನು ಅಲ್ಲಿ ಉಳಿಯಲಿಲ್ಲ. ವೀಸಾ ಮುಗಿದಿತ್ತು.

ಮೊನ್ನೆ ನೀಲಾ ಆ ಕಾರ್ಡಿನ ಚಿತ್ರ ಕಳಿಸಿದ್ದಾಳೆ. ಬೆಂಗಳೂರಿನ ಇಬ್ಬರು ಹೆಸರುವಾಸಿಗಳ ನಡುವೆ ಇವರ ಹೆಸರುಗಳಿವೆ, ಪ್ರತಿಯೊಬ್ಬರ ಮುಂದೆ ಅವರವರ ಊರು. ನೀಲಮ್ಮ, ಚೊಳಚಗುಡ್ಡ. ಮೌಲಾಸಾಬ, ಇಳಕಲ್ಲ. ತಂಡದ ಹೆಸರು ಇನ್ನೂ ಗೊತ್ತಾಗಿಲ್ಲವೋ ಏನೋ, ಊರುಗಳನ್ನೇ ಹಾಕಿಸಿದ್ದಾರೆ. ಕೆಳಗೆ "ಕರೆಯುವವರು" ಎಂದು ಇದೆ. ಅಲ್ಲಿ ಸಂಘದ ಅಧ್ಯಕ್ಷರ ಹೆಸರು, ಅದರ ಮಗ್ಗುಲಿಗೆ ನನ್ನದು. ಗಂಗವ್ವ, ಹುನಗುಂದ.

ನಾನೇ ಫೋನ್ ಮಾಡಿದೆ. "ನನ್ನ ಹೆಸರ ತಗಸವಾ. ಕರಿಯಾವ್ರ ಸಾಲಿನಾಗ ನನ್ನ ಯಾಕ ಹಾಕಿದಿ?"

"ನಾ ಹಾಕಿಲ್ಲ ದೊಡ್ಡವ್ವಾ. ಅಧ್ಯಕ್ಷರ ಹಾಕ್ಸ್ಯಾರ. ಅಚ್ಚ ಆಗಿ, ಹಂಚಾಕತ್ತಾರ" ಎಂದಳು. "ಮತ್ತ ಮೌಲಾಸಾಬನ ಕಾರ್ಖಾನಿಯವರು ಕೇಳಾಕತ್ತಾರ, ಎರಡನೇ ಕರಿಗೆ ಈ ಸಲ ಯಾರ ಬರ್ತಾರಂತ."

"ನೀ ಹೋಗು."

"ಏನ ಹೇಳಬೇಕ ಬೇ?"

ಹೇಳಿಕೊಟ್ಟೆ. ಮೊದಲ ಸಲ ಅವಳು "ಟೈಂ ಆತ್ರಿ" ಎಂದಳು. ಅಲ್ಲ ಎಂದು ಮತ್ತೆ ಹೇಳಿಸಿದೆ. ಮೂರನೆಯ ಸಲಕ್ಕೆ ಸರಿಯಾಗಿ ಬಂತು. ನನ್ನ ಹೆಸರನ್ನು ತೆಗೆಯುವ ಮಾತು ಮತ್ತೆ ಎತ್ತಲಿಲ್ಲ. ಪಡಿತರ ಚೀಟಿ, ಮತದಾರರ ಯಾದಿ ಬಿಟ್ಟರೆ ಅದು ಅಚ್ಚಾದದ್ದು ಆ ಕಾರ್ಡಿನಲ್ಲಿಯೇ.

ಅಸಲಿ ಕಾರ್ಡು ಮೌಲಾಸಾಬ ಮುಂದಿನ ರಜೆಗೆ ಬಂದಾಗ ತರುತ್ತಾನೆ. ಅದು ಬಂದ ಮೇಲೆ ಈ ಹಾಳೆಗಳ ಜೊತೆ ಸೇರಿಸಿ ಒಂದೇ ಕಡೆ ಇಡಬೇಕು. ಸಹನಾ, ನೀನು ಇಡು, ನಿನ್ನ ಬಟ್ಟೆಯ ಕಪಾಟಿನಲ್ಲಿ, ಮೇಲಿನ ಖಾನೆಯಲ್ಲಿ. ಮಲ್ಲು ಓದಲಿ, ಆದರೆ ನೀನು ಎದುರಿಗೆ ಕೂತಿರು. ಒಳ್ಳೆಯ ದಪ್ಪ ಹಾಳೆ, ಅವನು ವಿಮಾನ ಮಾಡಿ ಹಾರಿಸಿಬಿಡುತ್ತಾನೆ.